ಅದೇ ಪಂಪ್ ಮತ್ತೆ ಮತ್ತೆ ಕೆಡುತ್ತಿದ್ದರೆ: ರಿಲಯಬಿಲಿಟಿ ಎಂಜಿನಿಯರ್ ಕೆಲಸ ಶುರುಮಾಡುವ ಬಗೆ

ಉಕ್ಕು, ಸಿಮೆಂಟ್, ರಿಫೈನರಿ, ಕಾಗದ, ವಿದ್ಯುತ್ ಸ್ಥಾವರ, ಹೀಗೆ ಭಾರಿ ಕಾರ್ಖಾನೆ ಯಾವುದೇ ಇರಲಿ, ರಿಲಯಬಿಲಿಟಿ ಎಂಜಿನಿಯರ್ ಹುದ್ದೆಗೆ ಬರುವವರಲ್ಲಿ ಹೆಚ್ಚಿನವರು ಮೆಂಟೆನೆನ್ಸ್‌ನಲ್ಲಿ ಕೈ ಪಳಗಿಸಿಕೊಂಡವರೇ. ಅದರಿಂದ ಅನುಕೂಲವೂ ಇದೆ, ತೊಂದರೆಯೂ ಇದೆ. ಬ್ರೇಕ್‌ಡೌನ್ ಆಯಿತೆಂದರೆ ಹಳೆಯ ರೂಢಿಯಂತೆ ಫೋನ್ ನಿಮಗೇ ಬರುತ್ತದೆ, ನೀವೂ ಹೆಲ್ಮೆಟ್ ಹಾಕಿಕೊಂಡು ಓಡುತ್ತೀರಿ. ಹೀಗೇ ಓಡುತ್ತಿದ್ದರೆ ಕಾರ್ಖಾನೆಗೆ ಇನ್ನೊಬ್ಬ ಮೆಂಟೆನೆನ್ಸ್ ಎಂಜಿನಿಯರ್ ಸಿಕ್ಕಂತಾಗುತ್ತದೆ, ಅಷ್ಟೇ. ಹಾಗಾಗಿ ಮೇಲಧಿಕಾರಿಯ ಜೊತೆ ಶುರುವಿನಲ್ಲೇ ಮಾತಾಡಿಕೊಳ್ಳಿ: ಕೆಟ್ಟ ಯಂತ್ರವನ್ನು ಇವತ್ತು ಓಡಿಸುವ ಹೊಣೆ ಮೆಂಟೆನೆನ್ಸ್‌ನದು, ಅದೇ ಯಂತ್ರ ಅದೇ ಕಾರಣಕ್ಕೆ ಮತ್ತೆ ಕೆಡದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.

ಈ ಕೆಲಸದಲ್ಲಿ ವಿಧಾನಗಳು ಬಹಳ, ಸಾಫ್ಟ್‌ವೇರ್ ಮಾರಲು ಬರುವವರು ಇನ್ನೂ ಬಹಳ. ಎಲ್ಲವೂ ಕೊನೆಗೆ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಇದು ಹೇಗೆ ಕೆಡುತ್ತದೆ? ಅದಕ್ಕೆ ಉತ್ತರ ಸಿಗುವ ಮುಂಚೆ ವೇಳಾಪಟ್ಟಿ ಬರೆಯಬೇಡಿ, ಸೆನ್ಸರ್ ಕೊಳ್ಳಬೇಡಿ, ಸ್ಪೇರ್‌ಗೆ ಆರ್ಡರ್ ಹಾಕಬೇಡಿ.

1. ಹಳೆಯ ವರ್ಕ್ ಆರ್ಡರ್‌ಗಳನ್ನು ಓದಿ

ಕಳೆದ ಎರಡು ಮೂರು ವರ್ಷದ ದಾಖಲೆ ತೆರೆದು ಕೂತರೆ ಸಾಮಾನ್ಯವಾಗಿ ಸಿಗುವುದು ಇಂಥ ಸಾಲುಗಳು: ‘ಪಂಪ್ ಕೆಟ್ಟಿದೆ. ಸರಿಮಾಡಲಾಯಿತು.’ ಯಾವ ಭಾಗ ಕೆಟ್ಟಿತು, ಬಿಚ್ಚಿದಾಗ ಏನು ಕಂಡಿತು, ಎಷ್ಟು ಹೊತ್ತು ಯಂತ್ರ ನಿಂತಿತ್ತು, ಯಾವುದೂ ಇರುವುದಿಲ್ಲ. ಇಂಥ ದಾಖಲೆಯಿಂದ ಲೆಕ್ಕ ತೆಗೆಯಲು ಹೊರಟರೆ ಬರುವುದು ಚಂದದ ಗ್ರಾಫ್ ಮಾತ್ರ.

ದಾಖಲೆಯ ಕೊರತೆಯನ್ನು ಜನರಿಂದ ತುಂಬಿಕೊಳ್ಳಬೇಕು. ಹಿರಿಯ ಫಿಟ್ಟರ್, ಶಿಫ್ಟ್ ಆಪರೇಟರ್, ಸ್ಟೋರ್ಸ್‌ನವರು ಈ ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಸ್ಟೋರ್ಸ್‌ನವರನ್ನು ಮರೆಯುವವರೇ ಹೆಚ್ಚು. ಆದರೆ ಯಾವ ಸೀಲ್ ತಿಂಗಳಿಗೊಮ್ಮೆ ಹೊರಹೋಗುತ್ತಿದೆ ಎಂಬುದು ಅವರ ಪುಸ್ತಕದಲ್ಲಿ ಸುಳ್ಳಿಲ್ಲದೆ ದಾಖಲಾಗಿರುತ್ತದೆ.

ಮುಂದಿನ ದಾಖಲೆ ಸರಿಯಾಗಲು ವೈಫಲ್ಯದ ಕೋಡ್‌ಗಳು ಬೇಕು. ತೈಲ ಮತ್ತು ಅನಿಲ ಉದ್ಯಮಕ್ಕಾಗಿ ಬರೆದ ಐಎಸ್‌ಒ 14224 ಮಾನದಂಡದಲ್ಲಿ ಉಪಕರಣವನ್ನು ಭಾಗಗಳಾಗಿ ವಿಂಗಡಿಸುವ, ವೈಫಲ್ಯವನ್ನು ಹೆಸರಿಸುವ ಕ್ರಮ ಸಿಗುತ್ತದೆ. ಬೇರೆ ಉದ್ಯಮದವರೂ ಅದನ್ನು ಎರವಲು ಪಡೆಯಬಹುದು. ಹಾಗೆಂದು ಇನ್ನೂರು ಕೋಡ್‌ಗಳ ಪಟ್ಟಿ ಮಾಡಿಟ್ಟರೆ ರಾತ್ರಿ ಮೂರು ಗಂಟೆಗೆ ಕೆಲಸ ಮುಗಿಸಿದ ಫಿಟ್ಟರ್ ಮೊದಲನೆಯದನ್ನೋ ‘ಇತರೆ’ಯನ್ನೋ ಒತ್ತಿ ಮನೆಗೆ ಹೋಗುತ್ತಾನೆ. ಒಂದು ಬಗೆಯ ಯಂತ್ರಕ್ಕೆ ಹತ್ತು ಹನ್ನೆರಡು ಕೋಡ್ ಸಾಕು. ಜೊತೆಗೆ ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆಯಲು ಜಾಗ, ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ.

2. ಎರಡು ಪಟ್ಟಿ ಮಾಡಿ, ಒಂದರಲ್ಲಿ ಇನ್ನೊಂದನ್ನು ಬೆರೆಸಬೇಡಿ

ಮೊದಲನೆಯದು, ಈವರೆಗೆ ನಿಜವಾಗಿ ನೋವು ಕೊಟ್ಟ ಯಂತ್ರಗಳ ಪಟ್ಟಿ: ನಿಂತ ಗಂಟೆ, ಹೋದ ಉತ್ಪಾದನೆ, ರಿಪೇರಿ ಖರ್ಚು. ಇದರಲ್ಲಿ ಮೇಲಿನ ಹತ್ತನ್ನು ಆರಿಸಿಕೊಂಡರೆ ಮೊದಲ ವರ್ಷಕ್ಕೆ ಬೇಕಾದಷ್ಟು ಕೆಲಸವಿದೆ. ಎರಡನೆಯದು, ಈವರೆಗೆ ಕೆಟ್ಟಿಲ್ಲದಿದ್ದರೂ ಕೆಟ್ಟರೆ ಕಾರ್ಖಾನೆಯೇ ನಿಲ್ಲುವ ಅಥವಾ ಜನರಿಗೆ ಅಪಾಯವಾಗುವ ಯಂತ್ರಗಳದು. ಮುಖ್ಯ ಟ್ರಾನ್ಸ್‌ಫಾರ್ಮರ್, ಸ್ಟ್ಯಾಂಡ್‌ಬೈ ಇಲ್ಲದ ಕಂಪ್ರೆಸರ್, ಗಿರಣಿಯ ದೊಡ್ಡ ಗೇರ್‌ಬಾಕ್ಸ್ ಈ ಸಾಲಿಗೆ ಸೇರುತ್ತವೆ.

ಎರಡನೆಯ ಪಟ್ಟಿಗೆ ಅಂಕ ಹಾಕುವಾಗ ಎಚ್ಚರ ಬೇಕು. ಪರಿಣಾಮದ ತೀವ್ರತೆ, ಸಂಭವ, ಪತ್ತೆಯಾಗದಿರುವ ಸಾಧ್ಯತೆ ಈ ಮೂರನ್ನು ಗುಣಿಸಿ ಅಂಕ ತೆಗೆಯುವ ರೂಢಿ ಇದೆಯಲ್ಲ, ಅದರಲ್ಲಿ 9, 2, 2 ಗುಣಿಸಿದರೂ 36, 3, 4, 3 ಗುಣಿಸಿದರೂ 36. ಮೊದಲನೆಯದರಲ್ಲಿ ಜೀವ ಹೋಗಬಹುದು, ಎರಡನೆಯದರಲ್ಲಿ ನೆಲಕ್ಕೆ ಸ್ವಲ್ಪ ಎಣ್ಣೆ ಸೋರಬಹುದು. ಹಾಗಾಗಿ ತೀವ್ರತೆ ಹೆಚ್ಚಿರುವುದನ್ನು ಗುಣಲಬ್ಧ ಏನೇ ಹೇಳಲಿ ಮೊದಲು ಪ್ರತ್ಯೇಕವಾಗಿ ತೆಗೆದಿಡಿ.

3. ಕೆಡುವ ಬಗೆ ಯಾವುದೆಂದು ಪತ್ತೆಮಾಡಿ

ಯಂತ್ರ ಹಳತಾದಂತೆ ಕೆಡುತ್ತದೆ, ಆದ್ದರಿಂದ ಇಷ್ಟು ಗಂಟೆ ಓಡಿದ ಮೇಲೆ ಬಿಚ್ಚಿ ಹೊಸ ಭಾಗ ಹಾಕಬೇಕು ಎಂಬುದು ಬಹಳ ಕಾಲ ಯಾರೂ ಪ್ರಶ್ನಿಸದ ನಂಬಿಕೆಯಾಗಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೋಲನ್ ಮತ್ತು ಹೊವಾರ್ಡ್ ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ಅದನ್ನು ಅಲುಗಾಡಿಸಿತು. ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಿಗೆ ತಕ್ಕಂತೆ ಕೆಡುವ ಲಕ್ಷಣ ತೋರಿದ್ದು ಶೇ 11 ಮಾತ್ರ. ಶೇ 68ರಷ್ಟು ಭಾಗಗಳು ಹೊಸದಾಗಿ ಹಾಕಿದ ಶುರುವಿನಲ್ಲೇ ಹೆಚ್ಚು ಕೆಡುತ್ತಿದ್ದವು. ಅಂದರೆ ಚೆನ್ನಾಗಿ ಓಡುತ್ತಿರುವುದನ್ನು ವೇಳಾಪಟ್ಟಿಗೆ ಹೆದರಿ ಬಿಚ್ಚಿದರೆ, ಬಿಚ್ಚಿದ್ದೇ ಮುಂದಿನ ವೈಫಲ್ಯಕ್ಕೆ ಕಾರಣವಾಗಬಹುದು. ಓವರ್‌ಹಾಲ್ ಆದ ವಾರವೇ ಸೀಲ್ ಸೋರಲು ಶುರುವಾದದ್ದನ್ನು ಕಂಡ ಫಿಟ್ಟರ್‌ಗಳಿಗೆ ಇದು ಹೊಸ ಸುದ್ದಿಯೇನಲ್ಲ.

ಆದರೆ ಆ 11ನ್ನು ಹಾಗೇ ತಂದು ನಿಮ್ಮ ಕಾರ್ಖಾನೆಗೆ ಅಂಟಿಸಬೇಡಿ. ಸ್ಲರಿ ಪಂಪಿನ ಇಂಪೆಲ್ಲರ್, ಚ್ಯೂಟ್ ಲೈನರ್, ಕುಲುಮೆಯ ಒಳಪದರದ ಇಟ್ಟಿಗೆ, ಕನ್ವೇಯರ್ ಬೆಲ್ಟ್ ಇವೆಲ್ಲ ನಿಜಕ್ಕೂ ಸವೆಯುವ ವಸ್ತುಗಳು. ವಿಮಾನದಲ್ಲಿ ಕಲ್ಲು ಮಣ್ಣು ಹರಿಯುವುದಿಲ್ಲ.

ನಿಮ್ಮಲ್ಲಿ ಯಾವುದು ಹೇಗೆ ಎಂದು ತಿಳಿಯಲು ವೈಬುಲ್ ವಿಶ್ಲೇಷಣೆ ಬಳಸಿ. ಸ್ವೀಡನ್ನಿನ ಎಂಜಿನಿಯರ್ ವಲೊಡ್ಡಿ ವೈಬುಲ್ 1951ರ ಪ್ರಬಂಧದಲ್ಲಿ ಪ್ರಚುರಪಡಿಸಿದ ಈ ವಿತರಣೆಯಲ್ಲಿ ನಿಮಗೆ ಮುಖ್ಯವಾಗಿ ಬೇಕಾದದ್ದು ಬೀಟಾ ಎಂಬ ಒಂದು ಸಂಖ್ಯೆ. ಅದು 1ಕ್ಕಿಂತ ಕಡಿಮೆ ಬಂದರೆ ಆರಂಭದಲ್ಲೇ ಕೆಡುತ್ತಿದೆ, ಜೋಡಣೆಯಲ್ಲೋ ಭಾಗದ ಗುಣಮಟ್ಟದಲ್ಲೋ ದೋಷ ಹುಡುಕಿ. ಸುಮಾರು 1 ಬಂದರೆ ವಯಸ್ಸಿಗೂ ವೈಫಲ್ಯಕ್ಕೂ ಸಂಬಂಧವಿಲ್ಲ. ಈ ಎರಡೂ ಸಂದರ್ಭದಲ್ಲಿ ಅವಧಿಗೊಮ್ಮೆ ಭಾಗ ಬದಲಿಸುವುದು ದಂಡ. ಬೀಟಾ 3, 4ರಷ್ಟಿದ್ದರೆ ಮಾತ್ರ ಸವೆತ ಸ್ಪಷ್ಟ, ಅವಧಿ ನಿಗದಿಪಡಿಸಿ ಬದಲಿಸಬಹುದು. ಆರೇಳು ವೈಫಲ್ಯಗಳ ಮಾಹಿತಿಯಿದ್ದರೂ ಒಂದು ಅಂದಾಜು ಸಿಗುತ್ತದೆ, ಆದರೆ ಎರಡು ನಿಯಮ: ಬೇರೆ ಬೇರೆ ಬಗೆಯಲ್ಲಿ ಕೆಟ್ಟದ್ದನ್ನು ಒಂದೇ ರಾಶಿಗೆ ಹಾಕಬಾರದು, ಇನ್ನೂ ಕೆಡದೆ ಓಡುತ್ತಿರುವ ಯಂತ್ರಗಳ ಗಂಟೆಗಳನ್ನು ಲೆಕ್ಕದಿಂದ ಬಿಡಬಾರದು.

ಎಂಟಿಬಿಎಫ್, ಅಂದರೆ ಒಂದು ವೈಫಲ್ಯದಿಂದ ಇನ್ನೊಂದರವರೆಗಿನ ಸರಾಸರಿ ಕಾಲ, ಇದರ ಬಗ್ಗೆಯೂ ಇಲ್ಲೇ ಹೇಳಬೇಕು, ಯಾಕೆಂದರೆ ಮೀಟಿಂಗ್‌ಗಳಲ್ಲಿ ಇದರಷ್ಟು ತಪ್ಪಾಗಿ ಬಳಕೆಯಾಗುವ ಅಂಕಿ ಇನ್ನೊಂದಿಲ್ಲ. 20 ಪಂಪ್‌ಗಳು ವರ್ಷದಲ್ಲಿ 10 ಸಲ ಕೆಟ್ಟರೆ ಎಂಟಿಬಿಎಫ್ 2 ವರ್ಷ. ಆ 10ರಲ್ಲಿ 7 ಸಲ ಕೆಟ್ಟದ್ದು ಒಂದೇ ಪಂಪ್ ಆಗಿದ್ದರೆ? ಉಳಿದ 19ರ ಎಂಟಿಬಿಎಫ್ ಆರು ವರ್ಷ ದಾಟುತ್ತದೆ, ಆ ಒಂದರದ್ದು ಎರಡು ತಿಂಗಳೂ ಇಲ್ಲ. ಸರಾಸರಿ ಹೇಳಿದ 2 ವರ್ಷ ಯಾವ ಪಂಪಿನದೂ ಅಲ್ಲ. ಇನ್ನೊಂದು: ವೈಫಲ್ಯದ ದರ ಸ್ಥಿರವಾಗಿರುವಾಗ ಎಂಟಿಬಿಎಫ್‌ನಷ್ಟು ಕಾಲ ಕೆಡದೆ ಉಳಿಯುವುದು ಶೇ 37 ಮಾತ್ರ. ‘ಎಂಟಿಬಿಎಫ್ ಐದು ವರ್ಷ ಸಾರ್, ಅಲ್ಲಿವರೆಗೆ ಚಿಂತೆಯಿಲ್ಲ’ ಎಂದವರಿಗೆ ಇದನ್ನು ತೋರಿಸಿ.

4. ಬಗೆ ತಿಳಿದ ಮೇಲೆ ಕೆಲಸ ಆರಿಸಿ

ಆಯ್ಕೆಗಳು ನಾಲ್ಕೈದೇ. ಸವೆಯುವುದನ್ನು ಅವಧಿಗೆ ಬದಲಿಸುವುದು. ಮುನ್ಸೂಚನೆ ಕೊಟ್ಟು ಕೆಡುವುದನ್ನು ಗಮನಿಸುತ್ತಾ ಇರುವುದು. ಯಾರಿಗೂ ಗೊತ್ತಾಗದಂತೆ ಕದ್ದು ಕೆಡುವುದನ್ನು ಪರೀಕ್ಷಿಸುವುದು. ಇವು ಯಾವುದೂ ಆಗದಿದ್ದರೆ ವಿನ್ಯಾಸವನ್ನೇ ಬದಲಿಸುವುದು. ಕೆಟ್ಟರೂ ಏನೂ ನಷ್ಟವಿಲ್ಲದ್ದನ್ನು ಕೆಡುವ ತನಕ ಓಡಿಸುವುದು. ಕೊನೆಯದನ್ನು ಹೇಳಲು ಅನೇಕರಿಗೆ ಧೈರ್ಯ ಸಾಲದು, ಆದರೆ ಸಣ್ಣ ಎಕ್ಸಾಸ್ಟ್ ಫ್ಯಾನಿಗೆ ತಿಂಗಳ ತಪಾಸಣೆ ಹಾಕುವುದು ಫಿಟ್ಟರ್‌ನ ಸಮಯವನ್ನು ಮುಖ್ಯ ಯಂತ್ರದಿಂದ ಕದ್ದಂತೆ.

ಗಮನಿಸುವ ಅವಧಿಯನ್ನು ಹೇಗೆ ನಿಗದಿಪಡಿಸುವುದು? ದೋಷ ಮೊದಲು ಪತ್ತೆಯಾಗಬಲ್ಲ ಹಂತದಿಂದ ಯಂತ್ರ ಕೆಲಸ ನಿಲ್ಲಿಸುವ ಹಂತದವರೆಗಿನ ಕಾಲವನ್ನು ಪಿ-ಎಫ್ ಅಂತರ ಎನ್ನುತ್ತಾರೆ. ತಪಾಸಣೆಯ ಅವಧಿ ಅದರ ಅರ್ಧ ಇರಲಿ ಎಂಬುದು ರೂಢಿಯ ಸೂತ್ರ. ಒಂದು ಬೇರಿಂಗ್‌ಗೆ ಈ ಅಂತರ ಎರಡು ತಿಂಗಳೆಂದುಕೊಳ್ಳಿ, ತಿಂಗಳಿಗೊಮ್ಮೆ ನೋಡುತ್ತೀರಿ. ಕೆಟ್ಟ ಅದೃಷ್ಟದಲ್ಲಿ ದೋಷ ಕಂಡ ಮೇಲೆ ಕೈಯಲ್ಲಿ ಉಳಿಯುವುದು ಒಂದೇ ತಿಂಗಳು. ಆ ಬೇರಿಂಗ್ ತರಿಸಲು ಆರು ವಾರ ಬೇಕಾದರೆ ಈ ತಪಾಸಣೆಯಿಂದ ಏನೂ ಪ್ರಯೋಜನವಿಲ್ಲ. ಒಂದೋ ಸ್ಪೇರ್ ಇಟ್ಟುಕೊಳ್ಳಿ, ಇಲ್ಲವೇ ಬೇಗ ಪತ್ತೆಮಾಡುವ ತಂತ್ರಕ್ಕೆ ಹೋಗಿ. ಯಂತ್ರ ಮುಖ್ಯವೆಂದ ಮಾತ್ರಕ್ಕೆ ಹೆಚ್ಚು ಸಲ ನೋಡಬೇಕೆಂದಿಲ್ಲ, ಅದು ಎಷ್ಟು ಬೇಗ ಕೆಡುತ್ತದೆ ಎಂಬುದರ ಮೇಲೆ ಅವಧಿ ನಿಲ್ಲುತ್ತದೆ.

ತಿರುಗುವ ಯಂತ್ರಗಳಿಗೆ ಕಂಪನ ಅಳೆಯುವುದೇ ಮುಖ್ಯ ಉಪಾಯ. 15ರಿಂದ 300 ಕಿಲೋವ್ಯಾಟ್ ಯಂತ್ರ ಗಟ್ಟಿ ಅಡಿಪಾಯದ ಮೇಲಿದ್ದರೆ ಐಎಸ್‌ಒ 10816-3 ಹಾಕಿಕೊಟ್ಟ ಗಡಿಗಳು ಸೆಕೆಂಡಿಗೆ 1.4, 2.8, 4.5 ಮಿಲಿಮೀಟರ್. ಕೊನೆಯದನ್ನು ದಾಟಿದರೆ ಹಾನಿಯಾಗುವಷ್ಟು ಕಂಪನವೆಂದರ್ಥ. ಈಗ ಅದರ ಜಾಗಕ್ಕೆ 20816-3 ಬಂದಿದೆ. ಆದರೆ ಗಡಿಗಿಂತ ಬದಲಾವಣೆಯನ್ನು ನಂಬಿ. ವರ್ಷವಿಡೀ 1.0 ಇದ್ದದ್ದು 2.2ಕ್ಕೆ ಏರಿದರೆ ಅದು ಇನ್ನೂ ಗಡಿಯೊಳಗೇ ಇದೆ ಎಂದು ಸುಮ್ಮನಿರಬಾರದು.

ಆವರ್ತನ ನೋಡಿದರೆ ದೋಷದ ಜಾಡು ಸಿಗುತ್ತದೆ. ನಿಮಿಷಕ್ಕೆ 1500 ಸುತ್ತಿನ ಯಂತ್ರಕ್ಕೆ ತಿರುಗುವ ವೇಗ 25 ಹರ್ಟ್ಸ್. ಅಲ್ಲೇ ಎತ್ತರದ ಶಿಖರವಿದ್ದರೆ ತೂಕದ ಅಸಮತೋಲನದ ಅನುಮಾನ. ಅದರ ಎರಡರಷ್ಟರಲ್ಲಿ, ಮುಖ್ಯವಾಗಿ ಶಾಫ್ಟ್‌ನ ಉದ್ದ ದಿಕ್ಕಿನಲ್ಲಿ ಇದ್ದರೆ ಅಲೈನ್‌ಮೆಂಟ್, ಅಂದರೆ ಎರಡು ಶಾಫ್ಟ್‌ಗಳು ಒಂದೇ ನೇರದಲ್ಲಿವೆಯೇ ಎಂದು ನೋಡಿ. ಎಂಟು ಗುಂಡಿನ ಬೇರಿಂಗ್‌ನಲ್ಲಿ ಹೊರ ಉಂಗುರದ ದೋಷ ವೇಗದ ಸುಮಾರು 3.2 ಪಟ್ಟು, ಒಳ ಉಂಗುರದ್ದು 4.8 ಪಟ್ಟು ಆವರ್ತನದಲ್ಲಿ ಕಾಣುತ್ತದೆ: 80 ಮತ್ತು 120 ಹರ್ಟ್ಸ್. ಮೋಟರಿನಲ್ಲಿ 100 ಹರ್ಟ್ಸ್ ಶಿಖರ ಕಂಡರೆ, 50 ಹರ್ಟ್ಸ್ ವಿದ್ಯುತ್ ಇರುವಲ್ಲಿ, ಅದು ವಿದ್ಯುತ್ತಿನದೋ ಯಾಂತ್ರಿಕದ್ದೋ ಎಂಬ ಗೊಂದಲ ಬರುತ್ತದೆ. ಗಮನಿಸುತ್ತಲೇ ಸ್ವಿಚ್ ಆಫ್ ಮಾಡಿಸಿ. ವಿದ್ಯುತ್ ಕಾರಣವಾಗಿದ್ದರೆ ಶಿಖರ ಆ ಕ್ಷಣವೇ ಮಾಯ, ಯಾಂತ್ರಿಕವಾಗಿದ್ದರೆ ವೇಗದ ಜೊತೆ ನಿಧಾನವಾಗಿ ಇಳಿಯುತ್ತದೆ.

ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್‌ಗೆ ಎಣ್ಣೆ ಪರೀಕ್ಷೆ, ಸ್ವಿಚ್‌ಬೋರ್ಡ್‌ಗೆ ಬಿಸಿಯನ್ನು ಚಿತ್ರದಲ್ಲಿ ತೋರಿಸುವ ಥರ್ಮೋಗ್ರಫಿ, ಗಾಳಿ ಸೋರಿಕೆಗೆ ಅಲ್ಟ್ರಾಸೌಂಡ್. ಇವುಗಳ ತರಬೇತಿ ಸುಲಭವಾಗಿ ಸಿಗುತ್ತದೆ. ಎಣ್ಣೆಯ ಮಾದರಿಯನ್ನು ಮಾತ್ರ ಪ್ರತಿಸಲ ಒಂದೇ ಜಾಗದಿಂದ, ಯಂತ್ರ ಓಡುತ್ತಿರುವಾಗ ತೆಗೆಯಿರಿ. ತಳದ ಡ್ರೈನ್‌ನಿಂದ ತೆಗೆದ ಮಾದರಿ ತಳದ ಕೆಸರಿನ ಕಥೆ ಹೇಳುತ್ತದೆ.

5. ಕದ್ದು ಕೆಡುವುದನ್ನು ಹುಡುಕಿ

ಸೇಫ್ಟಿ ವಾಲ್ವ್, ಹೈ ಲೆವೆಲ್ ಅಲಾರಂ, ಟ್ರಿಪ್ ಸ್ವಿಚ್, ಸ್ಟ್ಯಾಂಡ್‌ಬೈ ಪಂಪ್ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಅವು ಬೇಕಾದ ಗಳಿಗೆಯಲ್ಲಿ ಮಾತ್ರ ಗೊತ್ತಾಗುತ್ತದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಘಟಕವನ್ನು ಚಾಲೂ ಮಾಡುವಾಗ ಒಂದು ಗೋಪುರ ತುಂಬಿ ಉಕ್ಕಿ ಸ್ಫೋಟವಾಗಿ 15 ಮಂದಿ ಸತ್ತರು. ಮಟ್ಟ ತೋರಿಸುವ ಉಪಕರಣ ದ್ರವ ಇಳಿಯುತ್ತಿದೆ ಎಂದು ತಪ್ಪಾಗಿ ತೋರಿಸುತ್ತಿತ್ತು, ಅದರ ಮೇಲಿದ್ದ ಎರಡನೇ ಹೈ ಲೆವೆಲ್ ಅಲಾರಂ ಕೂಗಲೇ ಇಲ್ಲ.

ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಸರಾಸರಿ 10 ವರ್ಷಕ್ಕೊಮ್ಮೆ ಕೆಡುವ ಸ್ವಿಚ್ಚನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ಅದು ಸತ್ತಿರುವ ಸಾಧ್ಯತೆ ಯಾವುದೇ ಕ್ಷಣದಲ್ಲಿ ಸರಾಸರಿ 1ನ್ನು 10ರಿಂದ ಭಾಗಿಸಿ ಅರ್ಧ ಮಾಡಿದಷ್ಟು, ಅಂದರೆ ಶೇ 5. ಮೂರು ತಿಂಗಳಿಗೊಮ್ಮೆ ನೋಡಿದರೆ ಶೇ 1.25. ಶೇ 5 ಸಾಕೇ ಎಂಬುದನ್ನು ನೀವೊಬ್ಬರೇ ನಿರ್ಧರಿಸಬೇಡಿ, ಸುರಕ್ಷತಾ ವಿಭಾಗವನ್ನು ಕೂರಿಸಿಕೊಳ್ಳಿ. ಪರೀಕ್ಷೆ ಸೆನ್ಸರ್‌ನಿಂದ ಕೊನೆಯ ವಾಲ್ವ್ ಚಲಿಸುವವರೆಗೆ ಇಡೀ ಸರಪಳಿಯದಾಗಿರಲಿ. ಪ್ಯಾನೆಲ್‌ನಲ್ಲಿ ದೀಪ ಹತ್ತಿತು ಎಂದರೆ ದೀಪ ಸರಿಯಿದೆ ಎಂದಷ್ಟೇ.

6. ಕೆಟ್ಟಾಗ ಸಾಕ್ಷ್ಯ ಉಳಿಸಿ

ಇಲ್ಲಿ ನೀವು ಓಡಲೇಬೇಕು, ಆದರೆ ರಿಪೇರಿಗಲ್ಲ. ಯಾರೂ ಯಂತ್ರ ಚಾಲೂ ಮಾಡದಂತೆ ಲಾಕ್ ಹಾಕಿ ಟ್ಯಾಗ್ ಕಟ್ಟಿದ ಮೇಲೆ, ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ನಿಯಂತ್ರಣ ಕೊಠಡಿಯಿಂದ ಕೆಡುವ ಹಿಂದಿನ ಕೆಲವು ದಿನಗಳ ಟ್ರೆಂಡ್ ತೆಗೆದಿಡಿ. ಕೆಟ್ಟ ಬೇರಿಂಗನ್ನು ತೊಳೆಯಲು ಬಿಡಬೇಡಿ. ಗ್ರೀಸ್ ಸಮೇತ ಚೀಲಕ್ಕೆ ಹಾಕಿ, ಯಾವ ಬದಿಯದು, ಮೇಲ್ಭಾಗ ಯಾವುದು ಎಂದು ಗುರುತು ಮಾಡಿ.

ಆಮೇಲೆ ಸಾವಕಾಶವಾಗಿ ಉಂಗುರವನ್ನು ಕತ್ತರಿಸಿ ನೋಡಿ. ಗುಂಡು ಓಡಿದ ದಾರಿ ಓರೆಯಾಗಿದ್ದರೆ ಶಾಫ್ಟ್ ಅಥವಾ ಹೌಸಿಂಗ್ ಸೊಟ್ಟಗಿತ್ತು. ಗುಂಡುಗಳ ಅಂತರಕ್ಕೆ ಸರಿಯಾಗಿ ತಗ್ಗುಗಳಿದ್ದರೆ, ಓಡದೆ ನಿಂತಿದ್ದಾಗ ಅಕ್ಕಪಕ್ಕದ ಯಂತ್ರದ ಕಂಪನ ಅದನ್ನು ತಿಂದಿದೆ. ಸ್ಟ್ಯಾಂಡ್‌ಬೈ ಪಂಪ್‌ಗಳಲ್ಲಿ ಇದು ಸಾಮಾನ್ಯ. ಬಟ್ಟೆ ಉಜ್ಜುವ ಹಲಗೆಯ ಗೀರಿನಂಥ ಸಮಾನಾಂತರ ಪಟ್ಟೆಗಳಿದ್ದರೆ ಬೇರಿಂಗ್ ಮೂಲಕ ವಿದ್ಯುತ್ ಹರಿದಿದೆ. ವಿಎಫ್‌ಡಿಯಿಂದ (ಮೋಟರಿನ ವೇಗ ಬದಲಿಸುವ ವಿದ್ಯುತ್ ಸಾಧನ) ಓಡುವ ಮೋಟರ್‌ನಲ್ಲಿ ಕಂಡರೆ ಶಾಫ್ಟ್ ಅರ್ಥಿಂಗ್, ಇನ್ಸುಲೇಟೆಡ್ ಬೇರಿಂಗ್ ಕಡೆ ನೋಡಿ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಸಾಲದೆಯೋ ಬಿಗಿಯಾಗಿಯೋ ಬಿಸಿಯಾಗಿದೆ.

‘ಯಾಕೆ’ ಎಂದು ಐದು ಸಲ ಕೇಳುವ ಪದ್ಧತಿ ಒಳ್ಳೆಯದೇ, ಆದರೆ ಪ್ರತಿ ಉತ್ತರಕ್ಕೂ ಮೇಜಿನ ಮೇಲೆ ಇಡಬಹುದಾದ ಪುರಾವೆ ಬೇಕು. ಇಲ್ಲದಿದ್ದರೆ ಅದು ಐದು ಹಂತದ ಊಹೆ. ತನಿಖೆ ‘ಫಿಟ್ಟರ್ ಅಜಾಗರೂಕತೆ’ ಎಂಬಲ್ಲಿ ನಿಂತರೆ ಅದು ಮುಗಿದಿಲ್ಲ. ಅವನಿಗೆ ಟಾರ್ಕ್ ವ್ರೆಂಚ್ ಸಿಕ್ಕಿತ್ತೇ, ಟಾರ್ಕ್ ಎಷ್ಟೆಂದು ಎಲ್ಲಾದರೂ ಬರೆದಿತ್ತೇ, ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟಿದ್ದರು? ಒಮ್ಮೆ ಒಬ್ಬನನ್ನು ಬಲಿಕೊಟ್ಟಿರೋ, ಮುಂದೆ ಯಾವ ಶಿಫ್ಟಿನಿಂದಲೂ ನಿಜ ಹೊರಗೆ ಬರುವುದಿಲ್ಲ.

7. ಜೋಡಣೆ ಮತ್ತು ಗ್ರೀಸ್: ಹೆಚ್ಚು ಲಾಭ ಇಲ್ಲೇ

ದುಬಾರಿ ಸೆನ್ಸರ್‌ಗಳು ಕೆಡುವುದನ್ನು ಮುಂಚೆ ಹೇಳುತ್ತವೆ, ತಡೆಯುವುದಿಲ್ಲ. ತಡೆಯುವ ಕೆಲಸ ಸ್ಪ್ಯಾನರ್ ಹಿಡಿದವರ ಕೈಯಲ್ಲಿದೆ. ಗುಂಡಿನ ಬೇರಿಂಗ್‌ನ ಆಯುಷ್ಯ ಹೊರೆಯ ಘನಕ್ಕೆ ವಿಲೋಮ: ಬೆಲ್ಟ್ ಅತಿಯಾಗಿ ಬಿಗಿದೋ ಪೈಪ್ ಎಳೆದೋ ಹೊರೆ ಎರಡರಷ್ಟಾದರೆ ಆಯುಷ್ಯ ಎಂಟನೇ ಒಂದು ಭಾಗ.

ಅಲೈನ್‌ಮೆಂಟ್‌ಗೆ ಲೇಸರ್ ಇಡುವ ಮೊದಲು ಮೋಟರ್ ಪಾದಗಳನ್ನು ನೋಡಿ. ಒಂದೊಂದೇ ಬೋಲ್ಟ್ ಸಡಿಲಿಸಿದಾಗ ಡಯಲ್ ಗೇಜ್ 0.05 ಮಿಲಿಮೀಟರ್‌ಗಿಂತ ಹೆಚ್ಚು ಚಲಿಸಿದರೆ ಆ ಪಾದ ಸರಿಯಾಗಿ ಕೂತಿಲ್ಲ. ಪಂಪಿನ ಫ್ಲ್ಯಾಂಜ್ ಬೋಲ್ಟ್ ಬಿಗಿಯುವಾಗಲೂ ಕಪ್ಲಿಂಗ್ ಮೇಲೆ ಗೇಜ್ ಇಟ್ಟು ಇದನ್ನೇ ನೋಡಿ. ಬಾರ್ ಹಾಕಿ ಎಳೆದು ಕೂರಿಸಿದ ಪೈಪ್, ಪಂಪನ್ನು ದಿನವಿಡೀ ಎಳೆಯುತ್ತಲೇ ಇರುತ್ತದೆ.

ಗ್ರೀಸ್ ‘ಎರಡು ಪಂಪ್ ಹೊಡಿ’ ಎಂಬ ಲೆಕ್ಕದಲ್ಲಿ ಹೋಗಬಾರದು. ಮರುಪೂರಣಕ್ಕೆ ಬಳಕೆಯಲ್ಲಿರುವ ಸೂತ್ರ: ಬೇರಿಂಗ್‌ನ ಹೊರವ್ಯಾಸ, ಅಗಲ, 0.005 ಈ ಮೂರರ ಗುಣಲಬ್ಧ, ಅಳತೆ ಮಿಲಿಮೀಟರ್‌ನಲ್ಲಿ, ಉತ್ತರ ಗ್ರಾಂನಲ್ಲಿ. 6312 ಬೇರಿಂಗ್‌ನ ಹೊರವ್ಯಾಸ 130, ಅಗಲ 31, ಅಂದರೆ ಸುಮಾರು 20 ಗ್ರಾಂ. ನಿಮ್ಮ ಗನ್ ಒಂದು ಹೊಡೆತಕ್ಕೆ ಎಷ್ಟು ಹಾಕುತ್ತದೆ ಎಂದು ಹತ್ತು ಹೊಡೆತ ತೂಕ ಮಾಡಿ ತಿಳಿದು, ಗನ್ ಮೇಲೇ ಬರೆಯಿರಿ. ಲಿಥಿಯಂ ಗ್ರೀಸ್ ಇದ್ದಲ್ಲಿ ಪಾಲಿಯೂರಿಯಾ ಗ್ರೀಸ್ ಬೆರೆತರೆ ಎರಡೂ ಮೆತ್ತಗಾಗಿ ಹರಿದುಹೋಗಬಹುದು, ಹಾಗಾಗಿ ನಿಪ್ಪಲ್‌ಗಳಿಗೆ ಬಣ್ಣದ ಗುರುತು ಹಾಕಿ.

ಸ್ಟೋರ್ಸ್‌ಗೂ ಒಂದು ಸುತ್ತು ಹೋಗಿ ಬನ್ನಿ. ವರ್ಷಗಟ್ಟಲೆ ನಿಂತ ಸ್ಪೇರ್ ಮೋಟರ್‌ನ ಶಾಫ್ಟ್ ಆಗಾಗ ತಿರುಗಿಸಬೇಕು, ಹೀಟರ್ ಚಾಲೂ ಇರಬೇಕು. ಇಲ್ಲದಿದ್ದರೆ ಹಾಕಿದ ವಾರಕ್ಕೇ ಕೆಡುವ ‘ಹೊಸ’ ಮೋಟರ್ ನಿಮ್ಮ ಬೀಟಾವನ್ನು 1ರ ಕೆಳಗೆ ಇಳಿಸುತ್ತದೆ.

8. ತಾತ್ಕಾಲಿಕ ರಿಪೇರಿಗೆ ಕೊನೆಯ ದಿನಾಂಕ ಬರೆಯಿಸಿ

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೊ ರಾಸಾಯನಿಕ ಕಾರ್ಖಾನೆಯಲ್ಲಿ 28 ಮಂದಿ ಸತ್ತದ್ದು ಒಂದು ತಾತ್ಕಾಲಿಕ ಪೈಪಿನಿಂದ. ಬಿರುಕು ಬಿಟ್ಟ ಐದನೇ ರಿಯಾಕ್ಟರ್ ತೆಗೆದು ನಾಲ್ಕನ್ನೂ ಆರನ್ನೂ ಪೈಪಿನಿಂದ ಜೋಡಿಸಿದ್ದರು. ಅದರ ನಕ್ಷೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಮಾತ್ರ. ಕ್ಲ್ಯಾಂಪ್, ಬೈಪಾಸ್, ಜಂಪರ್, ಬದಲಿ ಗ್ಯಾಸ್ಕೆಟ್ ಯಾವುದೇ ಇರಲಿ, ಅಂಥದ್ದೇ ಮೂಲ ಭಾಗವಲ್ಲದಿದ್ದರೆ ಬದಲಾವಣೆಯ ಅನುಮತಿ ಪತ್ರ ಬೇಕು. ಅದರಲ್ಲಿ ತೆಗೆಯುವ ದಿನಾಂಕ ಇರಬೇಕು, ಆ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲೂ ಇರಬೇಕು.

9. ಹಣದ ಭಾಷೆಯಲ್ಲಿ ಕೇಳಿ, ಪಟ್ಟಿಯನ್ನು ಚಿಕ್ಕದು ಮಾಡಿ

ಮ್ಯಾನೇಜರ್ ಮುಂದೆ ಕಂಪನದ ಗ್ರಾಫ್ ಇಟ್ಟು ಪ್ರಯೋಜನವಿಲ್ಲ. ಕಳೆದ ವರ್ಷ ಈ ಗೇರ್‌ಬಾಕ್ಸ್ ಎಷ್ಟು ಗಂಟೆ ನಿಂತಿತು, ಗಂಟೆಗೆ ನಷ್ಟ ಎಷ್ಟು, ನೀವು ಕೇಳುವ ಖರ್ಚು ಎಷ್ಟು ಎಂಬ ಮೂರು ಅಂಕಿ ಒಂದೇ ಹಾಳೆಯಲ್ಲಿ ಇರಲಿ. ನಷ್ಟದ ಅಂಕಿಯನ್ನು ಉತ್ಪಾದನೆ ಅಥವಾ ಲೆಕ್ಕಪತ್ರ ವಿಭಾಗದಿಂದಲೇ ಪಡೆಯಿರಿ. ನೀವೇ ಹಾಕಿದರೆ ಚರ್ಚೆ ಗೇರ್‌ಬಾಕ್ಸ್ ಬಿಟ್ಟು ಆ ಅಂಕಿಯ ಸುತ್ತಲೇ ಮುಗಿಯುತ್ತದೆ.

ವರ್ಷಕ್ಕೊಮ್ಮೆ ತಪಾಸಣೆಯ ಪಟ್ಟಿಯನ್ನೆಲ್ಲ ಹರಡಿ ಪ್ರತಿ ಸಾಲಿಗೂ ಕೇಳಿ: ಇದು ಯಾವ ವೈಫಲ್ಯವನ್ನು ತಡೆಯುತ್ತದೆ ಅಥವಾ ಪತ್ತೆಮಾಡುತ್ತದೆ? ಉತ್ತರವಿಲ್ಲದ್ದನ್ನು, ಕಾನೂನಿನ ಕಡ್ಡಾಯವಲ್ಲದಿದ್ದರೆ, ತೆಗೆದುಹಾಕಿ. ಪ್ರತಿ ಬ್ರೇಕ್‌ಡೌನ್ ಆದ ಮೇಲೂ ಒಂದು ಸಾಲು ಸೇರಿಸಿ ಬೆಳೆದ ಪಟ್ಟಿಯಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಹತ್ತು ಕಾಟದ ಯಂತ್ರಗಳ ಪಟ್ಟಿಯಿಂದ ಒಂದು ಹೊರಬಿದ್ದಾಗ ಕೂಡಲೇ ಗೆಲುವೆಂದು ಬರೆದುಕೊಳ್ಳಬೇಡಿ. ಹಿಂದೆ ಅದು ಎಷ್ಟು ತಿಂಗಳಿಗೊಮ್ಮೆ ಕೆಡುತ್ತಿತ್ತೋ ಅದರ ಮೂರರಷ್ಟು ಕಾಲ ಸುಮ್ಮನೆ ಓಡಲಿ, ಆಮೇಲೆ ಆ ಜಾಗಕ್ಕೆ ಹನ್ನೊಂದನೆಯದನ್ನು ತನ್ನಿ.